ಇಮ್ಮೆಯ ಮೈ ಮೇಲೆ ಹೊಯ್ದ ನೀರು

ವಾಲ್‌ಬೆಕ್
ಸಂತ ಮಾರ್ಟಿನನ ಹಬ್ಬದ ಮರುದಿನ, ೧೨೯೦

ಮಗ ಲಾಂಬೆರ್ಟನಿಗೆ,

ನಿನ್ನ ತಂಗಿ ಇಮ್ಮೆ ಹೋದಳು. ಇದನ್ನು ಮೆಲ್ಲಗೆ ಹೇಳುವ ಬಗೆ ನನಗೆ ಗೊತ್ತಿಲ್ಲ. ನನ್ನ ಪರವಾಗಿ ಬರೆಯುತ್ತಿರುವವಳು ಆಸ್ಪತ್ರೆ ಮಠದ ಸೋದರಿ ಗೊಡೆಲಿವ್. ಮೊದಲು ದೇವರ ಚಿತ್ತ, ಸಮಾಧಾನ ಎಂದು ಎರಡು ಸಾಲು ಹಾಕೋಣ ಎಂದಳು. ಸಮಾಧಾನ ಇದ್ದವರು ಹಾಕಿಸಲಿ, ನೀನು ನಾನು ಹೇಳಿದ್ದನ್ನು ಹೇಳಿದ ಹಾಗೆ ಬರಿ ಎಂದಿದ್ದೇನೆ.

ಅವಳು ಆರು ತಿಂಗಳ ಬಸುರಿ ಎಂದು ನಿನಗೆ ಗೊತ್ತಿತ್ತು. ಸಕಲ ಸಂತರ ಹಬ್ಬ ಕಳೆದ ಮೇಲೆ ಜ್ವರ ಹಿಡಿಯಿತು, ಇಳಿಯಲೇ ಇಲ್ಲ. ಕೊನೆಯ ಬೆಳಿಗ್ಗೆ ಅವಳಿಗೆ ಮಾತು ನಿಂತಿತ್ತು, ಆದರೆ ಹೊಟ್ಟೆಯ ಮೇಲೆ ಕೈ ಇಟ್ಟರೆ ಒಳಗೆ ಮಗು ಒದೆಯುತ್ತಿತ್ತು. ಪಾದ್ರಿ ಇಲ್ಲದಾಗ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದೆಂದು ಭಾನುವಾರ ಭಾನುವಾರ ಅವರೇ ಹೇಳಿಕೊಟ್ಟಿದ್ದಾರಲ್ಲ. ಬಿಯರ್ ಕಾಯಿಸಲು ತಂದಿಟ್ಟ ಬಾವಿಯ ನೀರು ಕೈಗೆ ಸಿಕ್ಕಿತು. ಅದನ್ನೇ ಅವಳ ಹೊಟ್ಟೆಯ ಮೇಲೆ ಹೊಯ್ದು ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದೆ. ಗಂಡೋ ಹೆಣ್ಣೋ ತಿಳಿಯದ್ದರಿಂದ ‘ದೇವರ ಕೂಸು’ ಎಂದೇ ಹೆಸರಿಟ್ಟೆ. ನೀರು ತಣ್ಣಗಿತ್ತು, ಇಮ್ಮೆಯ ಹೊಟ್ಟೆ ಒಮ್ಮೆ ಅದುರಿತು. ಮಧ್ಯಾಹ್ನದ ಗಂಟೆ ಬಡಿಯುವ ಹೊತ್ತಿಗೆ ಇಬ್ಬರೂ ಹೋಗಿದ್ದರು.

ನಾನೇ ಮೈ ತೊಳೆದೆ, ನಾನೇ ಬಟ್ಟೆ ಸುತ್ತಿದೆ. ನಿಮ್ಮಪ್ಪನ ಪಕ್ಕದಲ್ಲಿ ಗುಂಡಿ ತೋಡಿಸೋಣ ಎಂದು ಹೋದರೆ ಪಾದ್ರಿ ಎವರಾರ್ಟ್ ಆಗುವುದಿಲ್ಲ ಎಂದ. ಜ್ಞಾನಸ್ನಾನವಾಗದ ಮಗು ಪವಿತ್ರ ಭೂಮಿಯಲ್ಲಿ ಮಲಗುವಂತಿಲ್ಲವಂತೆ. ಮಗುವನ್ನು ಹೊಟ್ಟೆ ಕೊಯ್ದು ತೆಗೆದು ಬೇರೆ ಹೂತರೆ ಇಮ್ಮೆಯನ್ನು ಒಳಗೆ ಬಿಡುತ್ತಾನಂತೆ. ನಾನು ನೀರು ಹೊಯ್ದದ್ದನ್ನು ಹೇಳಿದೆ. ಆಗ ಅವನು ಏನೆಂದ ಗೊತ್ತೇ?

“ನೀರು ಬಿದ್ದದ್ದು ತಾಯಿ ಮೈ ಮೇಲೆ ಓಡಾ, ಮಗು ಮೈ ಮೇಲಲ್ಲ. ಆತ್ಮ ಬೇರೆ ಆದ್ಮೇಲೆ ಮೈನೂ ಬೇರೆ. ಛತ್ರದ ಗೋಡೆಗೆ ನೀರು ಎರಚಿದ್ರೆ ಒಳಗೆ ಮಲಗಿರೋ ಅತಿಥಿಗೆ ಸ್ನಾನ ಆಗುತ್ತಾ? ಇದು ನನ್ನ ಮಾತಲ್ಲ, ನಿನ್ನ ಮಗಂದು. ಹೋದ ವರ್ಷ ಪ್ಯಾರಿಸ್ಸಲ್ಲಿ ವಾದಸಭೇಲಿ ನಾನೇ ಕೂತು ಕೇಳಿದೀನಿ. ಸಭೆಗೆ ಸಭೆನೇ ಭೇಷ್ ಅಂತು.”

ಮಗಳ ಮೈಗೆ ಕತ್ತಿ ಹಾಕಲು ನಾನು ಬಿಡಲಿಲ್ಲ. ಅವಳನ್ನು ಸ್ಮಶಾನದ ಕಾಲುವೆಯಾಚೆ, ಗಲ್ಲಿಗೇರಿದವರನ್ನು ಹೂಳುವ ದಿಬ್ಬದಲ್ಲಿ ಇಟ್ಟು ಬಂದೆವು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯ ಕೈಗೆ ಕೋಲು ಕೊಟ್ಟವನು ನನ್ನ ಹೊಟ್ಟೆಯಲ್ಲೇ ಹುಟ್ಟಿದವನು. ನೀನು ಹಾಗೆ ಹೇಳಿದ್ದು ನಿಜವೇ? ನನ್ನ ಮಗಳು ಛತ್ರವೇ? ಉತ್ತರ ಬರೆ.

ನಿನ್ನ ತಾಯಿ,
ಓಡಾ


ಪ್ಯಾರಿಸ್
ಸಂತ ಕ್ಯಾಥರೀನಳ ದಿನ

ಪೂಜ್ಯ ತಾಯಿಯವರಿಗೆ ಲಾಂಬೆರ್ಟನ ಪ್ರಣಾಮಗಳು.

ನಿಮ್ಮ ಪತ್ರ ತಲುಪಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಇಮ್ಮೆಗಾಗಿ ಪೂಜೆ ಹೇಳಿಸಿದ್ದೇನೆ. ನಮ್ಮ ಗುರುಗಳೂ ಪ್ರಾರ್ಥಿಸಿದರು.

ಪಾದ್ರಿ ಎವರಾರ್ಟರು ಹೇಳಿದ ಮಾತನ್ನು ನಾನು ಆಡಿದ್ದು ನಿಜ. ಆದರೆ ಇಲ್ಲಿನ ಪದ್ಧತಿ ನಿಮಗೆ ತಿಳಿಯದು. ವಾದಸಭೆಯಲ್ಲಿ ಗುರುಗಳು ಒಂದು ಪ್ರಶ್ನೆಯನ್ನು ಇಡುತ್ತಾರೆ. ಒಬ್ಬ ವಿದ್ಯಾರ್ಥಿಗೆ ಹೌದು ಎಂಬ ಪಕ್ಷ, ಇನ್ನೊಬ್ಬನಿಗೆ ಅಲ್ಲ ಎಂಬ ಪಕ್ಷ. ಗರ್ಭದಲ್ಲಿರುವ ಮಗುವಿಗೆ ಜ್ಞಾನಸ್ನಾನ ಸಲ್ಲುವುದೇ ಎಂಬುದು ಅಂದಿನ ಪ್ರಶ್ನೆ. ನನ್ನ ಪಾಲಿಗೆ ಬಂದದ್ದು ‘ಸಲ್ಲದು’ ಎಂಬ ಪಕ್ಷ. ಆ ಪಕ್ಷಕ್ಕೆ ಏನೇನು ಹೇಳಬಹುದೋ ಅದನ್ನು ಹೇಳಿದೆ. ಪಾಲು ಅದಲುಬದಲಾಗಿದ್ದರೆ ಇನ್ನೊಂದನ್ನು ಅಷ್ಟೇ ಚೆನ್ನಾಗಿ ಹೇಳುತ್ತಿದ್ದೆ. ಇದರಲ್ಲಿ ಸುಳ್ಳೂ ಇಲ್ಲ, ಮೋಸವೂ ಇಲ್ಲ. ಬುದ್ಧಿ ಹರಿತವಾಗುವುದೇ ಹೀಗೆ.

ನಿಮಗೊಂದು ನೆಮ್ಮದಿಯ ಮಾತು ಹೇಳುತ್ತೇನೆ. ಆತ್ಮ ಎಂಬುದು ಮೈಯೊಳಗೆ ಕೂತ ಇನ್ನೊಂದು ವಸ್ತುವಲ್ಲ. ಮೈಯನ್ನು ಮೈಯಾಗಿಸುವುದೇ ಅದು. ಆತ್ಮ ಹೋದ ಮೇಲೆ ಕೈಯನ್ನು ಕೈ ಎನ್ನುವುದು ಹೆಸರಿಗೆ ಮಾತ್ರ, ಗೋಡೆಯ ಮೇಲೆ ಬರೆದ ಕೈಯನ್ನು ಕೈ ಎಂದ ಹಾಗೆ. ಆದ್ದರಿಂದ ಆ ದಿಬ್ಬದಲ್ಲಿ ಇರುವುದು ಇಮ್ಮೆಯಲ್ಲ. ಅವಳಿಗೆ ಚಳಿಯಿಲ್ಲ, ಅವಮಾನವಿಲ್ಲ. ಯಾವುದೋ ಮಣ್ಣು ಯಾವ ಮಣ್ಣಿನಲ್ಲಿದ್ದರೇನು ಎಂದು ಯೋಚಿಸಿ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನನ್ನ ಕೊನೆಯ ಪರೀಕ್ಷೆ. ಗೆದ್ದರೆ ಬೋಧಿಸುವ ಅಪ್ಪಣೆ ಸಿಗುತ್ತದೆ. ಆಶೀರ್ವದಿಸಿ.

ನಿಮ್ಮ ಮಗ,
ಲಾಂಬೆರ್ಟ್


ವಾಲ್‌ಬೆಕ್
ಸಂತ ನಿಕೋಲಾಸನ ದಿನ

ಲಾಂಬೆರ್ಟ್,

ನಿನ್ನ ನೆಮ್ಮದಿಯನ್ನು ನೀನೇ ಇಟ್ಟುಕೋ. ಗೊಡೆಲಿವ್ ಆ ಭಾಗವನ್ನು ಓದುವಾಗ ನಾನು ಸೌಟು ಹಿಡಿದು ನಿಂತಿದ್ದೆ. ಇನ್ನೊಮ್ಮೆ ಓದು ಎಂದೆ. ಇನ್ನೊಮ್ಮೆ ಓದಿದರೂ ಅದೇ ಇತ್ತು.

ಪ್ಯಾರಿಸ್ಸಿಗೆ ಹೋದ ಮೇಲೆ ನನ್ನನ್ನು ‘ನೀವು’ ಎನ್ನಲು ಕಲಿತಿದ್ದೀಯ. ಬಿಡು, ಅದು ದೊಡ್ಡ ವಿಷಯವಲ್ಲ. ಆದರೆ ದಿಬ್ಬದಲ್ಲಿರುವುದು ಇಮ್ಮೆಯಲ್ಲ ಎಂದೆಯಲ್ಲ, ಹಾಗಾದರೆ ನಾನು ತೊಳೆದದ್ದು ಯಾರನ್ನು? ಎಡಗೈಯಲ್ಲಿ ಕುದಿಯುವ ಹಂಡೆ ತಾಗಿ ಆದ ಸುಟ್ಟ ಕಲೆ ಇತ್ತು. ಕಿವಿಯ ಹಿಂದೆ ಮಚ್ಚೆ ಇತ್ತು. ಗೋಡೆಯ ಮೇಲೆ ಬರೆದ ಕೈಯ ಉಗುರಿನ ಸಂದಿನಲ್ಲಿ ಬಾರ್ಲಿಯ ಹೊಟ್ಟು ಇರುತ್ತದೆಯೇ? ಅದನ್ನು ನಾನು ಕಡ್ಡಿಯಿಂದ ತೆಗೆದೆ.

ಇನ್ನೊಂದು. ನಮ್ಮ ಚರ್ಚಿನಲ್ಲಿ ಬೆಳ್ಳಿಯ ಪೆಟ್ಟಿಗೆಯೊಳಗೆ ಸಂತಳೊಬ್ಬಳ ಬೆರಳು ಇದೆ. ವರ್ಷಕ್ಕೊಮ್ಮೆ ಅದನ್ನು ಹೊತ್ತು ಊರು ಸುತ್ತುತ್ತಾರೆ. ನಾವು ಮೊಣಕಾಲೂರಿ ಮುತ್ತಿಡುತ್ತೇವೆ, ಪಾದ್ರಿ ಹುಂಡಿ ಒಡ್ಡುತ್ತಾನೆ. ಸಂತಳ ಬೆರಳು ಸಂತಳೇ, ನನ್ನ ಮಗಳ ಮೈ ಮಾತ್ರ ಮಣ್ಣು, ಇದು ಯಾವ ನ್ಯಾಯ? ಅದು ಬರೀ ಮಣ್ಣೇ ಆಗಿದ್ದರೆ ಪಾದ್ರಿಗೆ ಯಾಕೆ ಹೆದರಿಕೆ? ಮಣ್ಣಿನೊಳಗೆ ಮಣ್ಣು ಇಡಲು ಬಿಡದೆ ಕಾಲುವೆಯಾಚೆ ಕಳಿಸಿದ್ದು ಯಾಕೆ? ಇಲ್ಲಿ ಅವನು ಅದನ್ನು ಹೊರಗಿಡಲು ಇಮ್ಮೆ ಎನ್ನುತ್ತಾನೆ, ಅಲ್ಲಿ ನೀನು ನನ್ನ ಬಾಯಿ ಮುಚ್ಚಿಸಲು ಇಮ್ಮೆಯಲ್ಲ ಎನ್ನುತ್ತೀಯ. ನೀವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರಲ್ಲವೇ, ಮೊದಲು ನಿಮ್ಮಿಬ್ಬರೊಳಗೆ ಒಂದು ಮಾತಿಗೆ ಬನ್ನಿ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿನ್ನ ಬುದ್ಧಿ ಹರಿತವಾಗಲು ಮಸೆಗಲ್ಲು ಆದದ್ದು ನನ್ನ ಮಗಳ ಹೊಟ್ಟೆ. ನೀನು ಅಂದು ಆಡಿದ್ದು ಆಟ ಎಂದಾದರೆ ಆಟ ಎಂದೇ ಪಾದ್ರಿಗೆ ಬರೆ. ಅದಕ್ಕಿಂತ ಹೆಚ್ಚು ನಾನು ಕೇಳುತ್ತಿಲ್ಲ. ಇಮ್ಮೆಯ ಗಂಡ ಗೋಸ್ವಿನ್ ನನ್ನ ಮನೆಗೆ ಬರುವುದನ್ನು ನಿಲ್ಲಿಸಿದ್ದಾನೆ. “ಅತ್ತೆ, ನೀವು ಕೊಯ್ಯೋಕೆ ಬಿಟ್ಟಿದ್ರೆ ಅವಳು ಒಳಗೆ ಇರ್ತಿದ್ಲು” ಎಂದು ಬೀದಿಯಲ್ಲಿ ನಾಲ್ಕು ಜನರೆದುರು ಅಂದ. ನಾನು ಮಾಡಿದ್ದು ಸರಿ ಎಂದು ಹಗಲೆಲ್ಲ ಅನ್ನಿಸುತ್ತದೆ. ಒಬ್ಬಳೇ ಹಂಡೆಯ ಮುಂದೆ ಕೂತಾಗ ಹಾಗನ್ನಿಸುವುದಿಲ್ಲ.

ಹಿಮ ಬೀಳುತ್ತಿದೆ. ದಿಬ್ಬದಲ್ಲಿ ಮೊಣಕಾಲುದ್ದ ನಿಂತಿದೆ. ಬೇಗ ಬರೆ.

ಓಡಾ


ಪ್ಯಾರಿಸ್
ಮೂವರು ರಾಜರ ಹಬ್ಬದ ಮರುವಾರ, ೧೨೯೧

ಪೂಜ್ಯ ತಾಯಿಯವರಿಗೆ,

ನಿಮ್ಮ ದುಃಖ ಮಾತಾಡುತ್ತಿದೆ ಎಂದು ತಿಳಿದು ಕೆಲವು ಮಾತುಗಳನ್ನು ನಾನು ಮನಸ್ಸಿಗೆ ಹಾಕಿಕೊಂಡಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ನಾನು ನಿಮ್ಮ ಕೋಪಕ್ಕೆ ಸಿಕ್ಕಿದ್ದೇನೆಯೇ ಹೊರತು ಈ ರೂಢಿ ಮಾಡಿದವನು ನಾನಲ್ಲ. ನಾನು ಹುಟ್ಟುವ ಮೊದಲೇ ಪಾದ್ರಿಗಳು ಹೀಗೆಯೇ ಮಾಡುತ್ತಿದ್ದರು. ಅವರಿಗೆ ಛತ್ರದ ಗೋಡೆಯ ಹೋಲಿಕೆ ಸಿಗದಿದ್ದರೆ ಇನ್ನೊಂದು ಸಿಗುತ್ತಿತ್ತು.

ಪಾದ್ರಿಗೆ ಈಗ ಬರೆಯಲು ಆಗುವುದಿಲ್ಲ. ಕಾರಣ ಕೇಳಿ. ಮೊದಲನೆಯದು, ಅಪ್ಪಣೆ ಸಿಗದವನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಎವರಾರ್ಟರು ಅದನ್ನು ಓದಿ ನಕ್ಕು ಒಲೆಗೆ ಹಾಕುತ್ತಾರೆ. ಎರಡನೆಯದು, ಆ ವಾದದಿಂದಲೇ ಪರೀಕ್ಷಕರಿಗೆ ನನ್ನ ಹೆಸರು ಗೊತ್ತಾಗಿರುವುದು. ಪರೀಕ್ಷೆ ಎದುರಿರುವಾಗ ಅದು ಬರೀ ಆಟ ಎಂದು ನಾನೇ ಬರೆದುಕೊಟ್ಟರೆ, ಆ ಕಾಗದ ಇಲ್ಲಿಗೆ ತಿರುಗಿ ಬರಲು ಎಷ್ಟು ಹೊತ್ತು? ಹತ್ತು ವರ್ಷದಿಂದ ಹಳಸಿದ ರೊಟ್ಟಿ ತಿಂದು ಓದಿದ್ದೇನೆ. ಇದನ್ನು ನೀವೂ ಸ್ವಲ್ಪ ಯೋಚಿಸಬೇಕು.

ಗೋಸ್ವಿನ್ ಹೇಳಿದ್ದರಲ್ಲಿ ತಪ್ಪೇನಿದೆ? ಅಂದು ನೀವು ಒಪ್ಪಿದ್ದರೆ ಈ ಪತ್ರಗಳೇ ಇರುತ್ತಿರಲಿಲ್ಲ. ನೋವು ಅರಿಯದ ಮೈಗೆ ಕತ್ತಿ ತಾಗಿದರೆ ಏನಾಗುತ್ತಿತ್ತು? ಈಸ್ಟರ್ ತನಕ ತಾಳಿಕೊಳ್ಳಿ. ಇಮ್ಮೆ ಎಲ್ಲಿಗೂ ಹೋಗುವುದಿಲ್ಲ.

ಲಾಂಬೆರ್ಟ್


ಪ್ಯಾರಿಸ್
ತಪಸ್ಸುಕಾಲದ ನಾಲ್ಕನೆಯ ಭಾನುವಾರ

ಅಮ್ಮನಿಗೆ,

ಜನವರಿಯಿಂದ ನಿಮ್ಮ ಒಂದು ಸಾಲೂ ಇಲ್ಲ. ಬಟ್ಟೆ ವ್ಯಾಪಾರಿಗಳ ಗಾಡಿ ಬಂದಾಗಲೆಲ್ಲ ಹೋಗಿ ಕೇಳಿದೆ. ನೀವು ಚೆನ್ನಾಗಿದ್ದೀರಿ, ಬಿಯರ್ ಮಾರುತ್ತಿದ್ದೀರಿ, ನನ್ನ ಹೆಸರೆತ್ತಿದರೆ ಬೇರೆ ಮಾತಾಡುತ್ತೀರಿ ಎಂದು ಗಾಡಿಯವನು ಹೇಳಿದ. ಹಿಂದಿನ ಪತ್ರದ ಕೊನೆಯ ಸಾಲನ್ನು ನಾನು ಬರೆಯಬಾರದಿತ್ತು.

ಪರೀಕ್ಷೆ ಮುಗಿಯಿತು. ಅಪ್ಪಣೆ ಸಿಕ್ಕಿತು. ನಿಮ್ಮ ಮಗ ಈಗ ಆಚಾರ್ಯ.

ಮುಚ್ಚಿಡುವುದಿಲ್ಲ, ಹೇಳಿಬಿಡುತ್ತೇನೆ. ಪರೀಕ್ಷಕರು ಅದೇ ಪ್ರಶ್ನೆಯನ್ನು ಕೇಳಿದರು. ಹಿರಿಯರೊಬ್ಬರು ನಗುತ್ತಾ “ಎಲ್ಲಿ ಕಣಪ್ಪ, ಆ ಛತ್ರದ ಗೋಡೆ ಇನ್ನೊಂದ್ಸಲ ಕಟ್ಟು ನೋಡೋಣ” ಎಂದರು. ನಿಮ್ಮ ಮುಖ ಕಣ್ಣ ಮುಂದೆ ಬಂತು. ಆದರೂ ಕಟ್ಟಿದೆ. ಹಿಂದಿನ ಸಲಕ್ಕಿಂತ ಗಟ್ಟಿಯಾಗಿಯೇ ಕಟ್ಟಿದೆ.

ಹೊರಗೆ ಬಂದವನೇ ಪಾದ್ರಿಗೆ ಬೇರೆ ಅಭಿಪ್ರಾಯ ಬರೆದು, ಹೆಸರು ಹಾಕಿ, ಮುದ್ರೆ ಒತ್ತಿ ಈ ಗಾಡಿಯಲ್ಲೇ ಕಳಿಸುತ್ತಿದ್ದೇನೆ. ಅದರ ಸಾರ ಇಷ್ಟು: ಹಣ್ಣು ಕಳಚುವ ತನಕ ಮರದ ಜೊತೆಗೇ ಇದೆ, ಮರಕ್ಕೆ ಬಿದ್ದ ನೀರು ಅದಕ್ಕೂ ಸೇರಿದ್ದು. ಮಗುವಿನ ಆತ್ಮ ಬೇರೆಯಾದರೂ ಅದು ತಾಯಿಯ ಮೈಯಿಂದ ಬೇರ್ಪಟ್ಟಿಲ್ಲ; ಅಜ್ಜಿ ಸಂಕಟದಲ್ಲಿ, ನಂಬಿಕೆಯಿಂದ, ಸರಿಯಾದ ಮಾತು ಹೇಳಿ ಹೊಯ್ದ ನೀರನ್ನು ದೇವರು ಅಲ್ಲಗಳೆಯನು. ಆದ್ದರಿಂದ ಇಬ್ಬರನ್ನೂ ಒಂದೇ ಗುಂಡಿಯಲ್ಲಿ, ಪವಿತ್ರ ಭೂಮಿಯಲ್ಲಿ ಇಡತಕ್ಕದ್ದು. ಆಚಾರ್ಯನ ಮಾತನ್ನು ಅವರು ತಳ್ಳಿಹಾಕಲಾರರು.

ನೀವು ಕೇಳಿದ್ದು ಆಯಿತು. ಈಗಲಾದರೂ ಒಂದು ಸಾಲು ಬರೆಸಿ.

ಲಾಂಬೆರ್ಟ್


ವಾಲ್‌ಬೆಕ್
ಗರಿಗಳ ಭಾನುವಾರದ ಮರುದಿನ

ಲಾಂಬೆರ್ಟ್,

ನಿನ್ನ ಕಾಗದ ಬಂತು. ಪಾದ್ರಿ ನನ್ನನ್ನು ಕರೆಸಿ ಕುರ್ಚಿ ಕೊಟ್ಟ. ನವೆಂಬರಿನಲ್ಲಿ ಬಾಗಿಲಲ್ಲೇ ನಿಲ್ಲಿಸಿದ್ದ. ನಿನ್ನ ಬರಹವನ್ನು ಮೊದಲು ಲ್ಯಾಟಿನ್ನಿನಲ್ಲಿ, ಆಮೇಲೆ ನಮ್ಮ ಮಾತಿನಲ್ಲಿ ಓದಿ, ಎಂಥ ಮಗನನ್ನು ಹೆತ್ತೆ ಓಡಾ ಎಂದ. ಈಸ್ಟರ್ ಕಳೆದ ವಾರದಲ್ಲಿ ಇಮ್ಮೆಯನ್ನು ಒಳಗೆ ತರಬಹುದಂತೆ.

ನಾನು ಒಂದೇ ಪ್ರಶ್ನೆ ಕೇಳಿದೆ. ಮೊದಲು ನನ್ನ ಮಗ ಹೇಳಿದ್ದು, ಈಗ ಬರೆದದ್ದು, ಎರಡೂ ನಿಮ್ಮ ಹತ್ತಿರ ಇದೆ, ಎರಡರಲ್ಲಿ ಯಾವುದು ನಿಜ ಸ್ವಾಮಿ ಎಂದೆ. ಅವನಿಗೆ ಅದು ಪ್ರಶ್ನೆ ಎಂದೇ ಅನ್ನಿಸಲಿಲ್ಲ. “ಮುದ್ರೆ ಯಾವುದಕ್ಕಿದೆಯೋ ಅದು” ಎಂದ.

ನನ್ನ ಮೈ ಉರಿದುಹೋಯಿತು. ಮಗಳು ನವೆಂಬರಿನಲ್ಲಿ ಹೇಗಿದ್ದಳೋ ಈಗಲೂ ಹಾಗೆಯೇ ಇದ್ದಾಳೆ. ನೀರು ಅದೇ ನೀರು, ನಾನು ಹೇಳಿದ್ದು ಅದೇ ಮಾತು. ಬದಲಾದದ್ದು ನಿನ್ನ ತಲೆಯ ಮೇಲಿನ ಆಚಾರ್ಯ ಟೋಪಿ ಒಂದೇ. ಅದಕ್ಕಾಗಿ ಅವಳು ಒಂದು ಚಳಿಗಾಲವಿಡೀ ಕಳ್ಳರ ಜೊತೆ ಮಲಗಬೇಕಾಯಿತು. ಅತ್ತ ಗೋಡೆ ಕಟ್ಟಿ ಟೋಪಿ ತಗೊಂಡೆ, ಇತ್ತ ಗೋಡೆ ಕೆಡವಿ ನನ್ನ ಬಾಯಿ ಮುಚ್ಚಿಸಿದೆ. ನಿನಗೆ ಎರಡು ನಾಲಿಗೆ ಕೊಟ್ಟು ಹೆತ್ತ ನೆನಪು ನನಗಿಲ್ಲ.

ನನಗೆ ನಿನ್ನ ಲೇಖನಿ ಸಾಕಾಯಿತು, ಕೈ ಬೇಕು. ಹೆಣ ಹೊರುವವರು ದಿಬ್ಬದಿಂದ ಹೊರಲು ಒಪ್ಪುತ್ತಿಲ್ಲ. ಗಲ್ಲಿನವರ ಮಣ್ಣು ಮುಟ್ಟಿದರೆ ಊರಿನಲ್ಲಿ ಮತ್ತೆ ಯಾರೂ ಕರೆಯುವುದಿಲ್ಲವಂತೆ. ಮನೆಯವರೇ ಹೊರಬೇಕು. ಕಾಲಿನ ಕಡೆ ಗೋಸ್ವಿನ್ ಹಿಡಿಯುತ್ತೇನೆ ಎಂದಿದ್ದಾನೆ. ತಲೆಯ ಕಡೆ ಯಾರೂ ಇಲ್ಲ. ಬಾ, ಹೊರು.

ಓಡಾ


ಪ್ಯಾರಿಸ್
ಈಸ್ಟರ್ ಮರುದಿನ

ಅಮ್ಮ,

ಬರುತ್ತೇನೆ. ನಾಳೆ ಹೊರಡುವ ಉಣ್ಣೆ ಗಾಡಿಯಲ್ಲಿ ಜಾಗ ಸಿಕ್ಕಿದೆ. ಒಂದು ದಿನಕ್ಕಿಂತ ಹೆಚ್ಚು ನಿಲ್ಲಲಾಗುವುದಿಲ್ಲ. ಹಿಂದಿರುಗಿದ ಕೂಡಲೇ ನನ್ನ ಮೊದಲ ಪಾಠ ಶುರುವಾಗುತ್ತದೆ. ಆತ್ಮ ಮತ್ತು ದೇಹದ ಸಂಬಂಧವೇ ವಿಷಯ. ನಲವತ್ತು ಜನ ಹೆಸರು ಕೊಟ್ಟಿದ್ದಾರೆ.

ಲಾಂಬೆರ್ಟ್


ವಾಲ್‌ಬೆಕ್
ಪೆಂತೆಕೋಸ್ತ್ ಹಬ್ಬದ ಮರುದಿನ

ಮಗನೇ,

ನೀನು ಸುಖವಾಗಿ ತಲುಪಿದೆ ಎಂದು ಗಾಡಿಯವನು ಹೇಳಿದ. ಇಲ್ಲಿ ಊಟ ಮಾಡದೆ ಹೋದೆ. ಹಂದಿಮಾಂಸ, ಬಟಾಣಿ ಬೇಯಿಸಿಟ್ಟಿದ್ದೆ, ಗೋಸ್ವಿನ್ ತಿಂದ. ಅವನು ಈಗ ಮನೆಗೆ ಬರುತ್ತಾನೆ, ಹೆಚ್ಚು ಮಾತಾಡುವುದಿಲ್ಲ. ಇಲ್ಲಿ ಇದ್ದಾಗ ನೀನು ನಾನು ಬರೀ ಹಗ್ಗ, ಹಲಗೆ, ಹಾದಿಯ ಕೆಸರು ಇಷ್ಟೇ ಮಾತಾಡಿದೆವು. ಉಳಿದದ್ದನ್ನು ಗೊಡೆಲಿವ್‌ಳ ಕೈಯಲ್ಲಿ ಬರೆಸುತ್ತಿದ್ದೇನೆ. ಎದುರಿಗೆ ನಿಂತಾಗ ನನಗೆ ಬೈಗುಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ದಿಬ್ಬಕ್ಕೆ ಹೋಗುವಾಗ ನೀನು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಗುಂಡಿ ತೆರೆದ ಮೇಲೆ ಅದನ್ನು ಬಿಚ್ಚಿದೆ. ಯಾರೂ ಹೇಳಿರಲಿಲ್ಲ, ನೀನಾಗಿಯೇ ಬಿಚ್ಚಿದೆ. ನಾನು ತಂದ ಹೊಸ ಬಟ್ಟೆಯನ್ನು ಹಳೆಯದರ ಮೇಲೆ ನೀನೇ ಸುತ್ತಿದೆ. ಅವಳು ಎಷ್ಟು ಹಗುರವಾಗಿದ್ದಾಳೆ ಎಂದು ನೋಡಿ ನೀನು ಗೋಸ್ವಿನನ ಮುಖ ನೋಡಿದೆ. ಅವನು ನೆಲ ನೋಡಿದ. ಇವೆಲ್ಲ ನನ್ನ ಕಣ್ಣಿಗೆ ಬಿದ್ದವು.

ದೊಡ್ಡ ಬಾಗಿಲಿನಿಂದ ತರುವುದಕ್ಕೆ ಪಾದ್ರಿ ಬಿಡಲಿಲ್ಲವಲ್ಲ, ನಿನ್ನ ಮುದ್ರೆಯ ಅಧಿಕಾರ ಅಲ್ಲಿಯ ತನಕ ಹೋಗಲಿಲ್ಲ. ಉತ್ತರದ ಕಡೆಯ ಚಿಕ್ಕ ಬಾಗಿಲಿನಿಂದ ತಂದೆವು. ಅದರ ತಲೆಕಟ್ಟು ಎಷ್ಟು ತಗ್ಗು ಎಂದು ನಿನಗೆ ಮರೆತಿರಬೇಕು. ನೀನು ಮುಂದೆ ಇದ್ದೆ. ಹಲಗೆಯನ್ನು ಹೆಗಲಿನಿಂದ ಇಳಿಸಿ, ಸೊಂಟ ಬಾಗಿಸಿ, ಒಂದು ಕೈಯನ್ನು ಅವಳ ತಲೆಗೂ ಕಲ್ಲಿಗೂ ನಡುವೆ ಇಟ್ಟೆ. ಇಟ್ಟು ಒಂದು ಮಾತು ಹೇಳಿದೆ.

“ಮೆಲ್ಲಗೆ ಇಮ್ಮೆ, ತಲೆ ನೋಡ್ಕೋ.”

ಜೋರಾಗಿ ಹೇಳಲಿಲ್ಲ. ನೀನು ಹೇಳಿದೆ ಎಂದು ನಿನಗೇ ಗೊತ್ತಾಗಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಗೋಸ್ವಿನ್ ಕೇಳಿಸಿಕೊಂಡ. ಹಲಗೆ ಅವನ ಕಡೆ ವಾಲಿತು. ನಾನು ಕೇಳಿಸಿಕೊಂಡೆ. ಅಲ್ಲಿಯೇ ನಿನ್ನ ತೋಳು ಹಿಡಿದು ನಿಲ್ಲಿಸಿ ಕೇಳಬೇಕೆಂದಿದ್ದೆ. ನೀನು ಅವಳನ್ನು ಹೊತ್ತಿದ್ದೆ, ಆದ್ದರಿಂದ ನಾನು ಬಿಟ್ಟೆ.

ಈಗ ಕೇಳುತ್ತೇನೆ. ನೀನು ಆ ಮಾತನ್ನು ಯಾರಿಗೆ ಹೇಳಿದೆ? ಇಮ್ಮೆಯ ಆತ್ಮಕ್ಕೆ ಹೇಳಿದೆ ಎನ್ನಬೇಡ. ಆತ್ಮಕ್ಕೆ ತಲೆ ಎಲ್ಲಿದೆ, ಬಾಗಿಲು ಬಡಿಯಲು? ಹಲಗೆಯ ಮೇಲಿದ್ದದ್ದು ಮೈ. ಆ ಮೈ ಅವಳಲ್ಲ, ಯಾವುದೋ ಮಣ್ಣು ಎಂದು ಮಗಳನ್ನು ಕಳೆದುಕೊಂಡ ನನಗೆ ನೀನು ಬರೆದು ಕಳಿಸಿದ್ದೀಯ. ಅದಕ್ಕೆ ನೋವಿಲ್ಲ, ಕತ್ತಿ ತಾಗಿದರೆ ಏನಾಗುತ್ತಿತ್ತು ಎಂದೂ ಬರೆದಿದ್ದೀಯ. ಹಾಗಿದ್ದರೆ ಕಲ್ಲು ತಾಗಿದರೆ ಏನಾಗುತ್ತಿತ್ತು ಲಾಂಬೆರ್ಟ್?

ನಿನ್ನ ಪಾಠ ಶುರುವಾಗಿರಬೇಕು. ನಲವತ್ತು ಜನ ಹುಡುಗರು ಬರೆದುಕೊಳ್ಳುತ್ತಿರಬೇಕು. ಅವರಲ್ಲಿ ಒಬ್ಬೊಬ್ಬನೂ ನಾಳೆ ಒಂದೊಂದು ಊರಿಗೆ ಪಾದ್ರಿಯಾಗಿ ಹೋಗುತ್ತಾನೆ. ಸತ್ತ ಕೈ ಹೆಸರಿಗೆ ಮಾತ್ರ ಕೈ ಎಂದು ನೀನು ಹೇಳುವ ದಿನ, ಅದಕ್ಕೆ ಮೊದಲು, ಆ ಬಾಗಿಲಲ್ಲಿ ನಿನ್ನ ಕೈ ಏನು ಮಾಡಿತು ಎಂದು ಅವರಿಗೆ ಹೇಳು. ಹೇಳಲು ನಾಚಿಕೆಯಾದರೆ ಆ ಪಾಠ ಮಾಡಬೇಡ.

ನನಗೆ ಉತ್ತರ ಬರೆ. ವಾದ ಬೇಡ. ಯಾರಿಗೆ ಹೇಳಿದೆ, ಅಷ್ಟು ಬರೆ.

ನಿನ್ನ ಅಮ್ಮ,
ಓಡಾ